ನೆರಿಗೆಯಲ್ಲಿ ಉಳಿದ ಔಡಲೆಣ್ಣೆ

ನಾನು ಒಂದು ಫಿಲ್ಟರ್. ಹೆಸರು ಕೇಳಿದ ಕೂಡಲೇ ನಿಮಗೆ ಕಾಫಿ ನೆನಪಾದರೆ ತಪ್ಪು ನಿಮ್ಮದಲ್ಲ. ಆ ಪರಿಮಳದ ಬಾಳು ನನ್ನ ಹಣೆಯಲ್ಲಿ ಬರೆದಿರಲಿಲ್ಲ. ನಾನು ಬಿಸಿನೀರಿನ ಟಬ್ಬಿನ ಫಿಲ್ಟರ್. ಜನ ಕುತ್ತಿಗೆಯವರೆಗೆ ನೀರಿನಲ್ಲಿ ಕೂತು, ಏಳುವ ಗುಳ್ಳೆಗಳ ನಡುವೆ ಕಣ್ಣು ಮುಚ್ಚಿ 'ಆಹಾ' ಎನ್ನುತ್ತಾರಲ್ಲ, ಆ ದೊಡ್ಡ ತೊಟ್ಟಿಯ ಗೋಡೆಯಲ್ಲಿ ಒಂದು ಗೂಡು ಇರುತ್ತದೆ. ಅದರ ಮುಚ್ಚಳದ ಕೆಳಗೆ ನನ್ನ ವಾಸ. ನೀರೆಲ್ಲ ನನ್ನನ್ನು ಹಾದು ಹೋಗಬೇಕು. ಕೂದಲು, ಬೆವರು, ಪೌಡರು, ಕ್ರೀಮು ಎಲ್ಲ ನನ್ನ ಪಾಲು. ನೀರು ತಿಳಿಯಾಗಿದ್ದರೆ ಟಬ್ಬಿಗೆ ಹೊಗಳಿಕೆ, ಕದಡಿದರೆ ಮಾತ್ರ ನನ್ನ ನೆನಪು.

ನಾನು ಹುಟ್ಟಿದ್ದು ಒಂದು ಕಾರ್ಖಾನೆಯಲ್ಲಿ. ಬಟ್ಟೆಯಂಥ ಬಿಳಿ ಹಾಳೆಯನ್ನು ಯಂತ್ರವೊಂದು ಸೀರೆಯ ನೆರಿಗೆ ಹಿಡಿದಂತೆ ಮಡಿಚುತ್ತ ಹೋಯಿತು. ಆ ನೆರಿಗೆಗಳನ್ನು ತೂತುಗಳಿದ್ದ ಪ್ಲಾಸ್ಟಿಕ್ ಕೊಳವೆಯ ಸುತ್ತ ಸುತ್ತಿ, ಮೇಲೂ ಕೆಳಗೂ ನೀಲಿ ಬಿಲ್ಲೆ ಅಂಟಿಸಿದರು. ನನ್ನ ಬೆನ್ನಿಗೇ ಇನ್ನೊಬ್ಬ ಬಂದ. ಅವನು ನನ್ನ ತಮ್ಮ. ಇಬ್ಬರನ್ನೂ ಒಂದೇ ಪೆಟ್ಟಿಗೆಯಲ್ಲಿಟ್ಟರು. ಕತ್ತಲಲ್ಲಿ ನೆರಿಗೆಗೆ ನೆರಿಗೆ ತಾಗಿಸಿಕೊಂಡು ಎಷ್ಟೋ ಊರು ದಾಟಿ ಬಂದೆವು. ನಾವಿಬ್ಬರೂ ಜೊತೆಗಿದ್ದದ್ದು ಆ ಪ್ರಯಾಣದಲ್ಲಿ ಮಾತ್ರ. ನಮ್ಮಂಥವರನ್ನು ಜೋಡಿಯಾಗಿ ಮಾರುವುದೇ ಬೇರೆ ಬೇರೆ ಇಡುವುದಕ್ಕೆ. ಒಬ್ಬ ನೀರಿನಲ್ಲಿ ದುಡಿಯುವಾಗ ಇನ್ನೊಬ್ಬ ತೊಳೆಸಿಕೊಂಡು ಹೊರಗೆ ಒಣಗಬೇಕು. ಆಮೇಲೆ ಅದಲುಬದಲು.

ಮೊದಲು ಸೇರಿದ್ದು ಹುಬ್ಬಳ್ಳಿಯ ಹೊರಗಿನ ಒಂದು ಹೋಟೆಲಿಗೆ. ಅಲ್ಲಿ ನಾನು ಮನುಷ್ಯರನ್ನು ಕಂಡದ್ದು ಪಾದಗಳಾಗಿ. ಬಿರುಕು ಬಿಟ್ಟ ಹಿಮ್ಮಡಿ, ಬಣ್ಣ ಹಚ್ಚಿದ ಉಗುರು, ಬೂಟಿನಲ್ಲಿ ಬೆಂದು ಬೆಳ್ಳಗಾದ ಬೆರಳು. ಯಾರೂ ಎರಡನೇ ಸಲ ಬರುತ್ತಿರಲಿಲ್ಲ. ನನ್ನನ್ನು ತೊಳೆಯಬೇಕೆಂಬುದು ಅಲ್ಲಿ ಯಾರಿಗೂ ಹೊಳೆಯಲಿಲ್ಲ. ತಮ್ಮನನ್ನಂತೂ ಪೆಟ್ಟಿಗೆಯಿಂದ ಹೊರಗೇ ತೆಗೆಯಲಿಲ್ಲ. ಒಂದು ದಿನ ಹೋಟೆಲಿಗೇ ಬೀಗ ಬಿತ್ತು. ಆಗ ನಮ್ಮನ್ನು ಟಬ್ಬಿನ ಸಮೇತ ಮನೆಗೆ ಸಾಗಿಸಿದವನು ಫಕ್ಕೀರಪ್ಪ.

ಫಕ್ಕೀರಪ್ಪನಿಗೆ ಹಳೇ ಹುಬ್ಬಳ್ಳಿಯಲ್ಲಿ ಮೋಟರ್ ರಿವೈಂಡಿಂಗ್ ಅಂಗಡಿ. ಸುಟ್ಟ ಮೋಟರಿನ ತಂತಿ ಬಿಚ್ಚಿ ಹೊಸ ತಂತಿ ಸುತ್ತುವುದು ಅವನ ಕೆಲಸ. ಟಬ್ ತಂದದ್ದು ಶೋಕಿಗಲ್ಲ, ಮಗಳಿಗಾಗಿ. ಮಗಳು ದಾನೇಶ್ವರಿಗೆ ಬಸ್ ಕಂಡಕ್ಟರ್ ಕೆಲಸ ಸಿಕ್ಕಿತ್ತು. ಸೇರುವ ಮೊದಲೇ ಸ್ಕೂಟರಿನಿಂದ ಬಿದ್ದು ತೊಡೆಯ ಮೂಳೆ ಮುರಿಯಿತು. ಒಳಗೆ ಸರಳು ಹಾಕಿ ಹೊಲಿದರು. ಕೆಲಸಕ್ಕೆ ಸೇರಲು ಬಸ್ ಇಲಾಖೆಯವರು ಮಳೆಗಾಲ ಮುಗಿಯುವವರೆಗೆ ಸಮಯ ಕೊಟ್ಟಿದ್ದರು. ಅಷ್ಟರಲ್ಲಿ ಆಕೆ ಎರಡೂ ಕಾಲ ಮೇಲೆ ನಿಂತು ತೋರಿಸಬೇಕು, ಇಲ್ಲವಾದರೆ ಕೆಲಸ ಇನ್ನೊಬ್ಬರಿಗೆ. ಬಿಸಿನೀರಿನಲ್ಲಿ ಕಾಲಿಗೆ ಭಾರ ಬೀಳುವುದಿಲ್ಲ, ಅದರೊಳಗೆ ವ್ಯಾಯಾಮ ಮಾಡಿಸಿ ಎಂದು ವೈದ್ಯರು ಹೇಳಿದ್ದರು. ಹಿತ್ತಲಲ್ಲಿ ತಗಡಿನ ಚಪ್ಪರ ಹಾಕಿ ಟಬ್ ಕೂಡಿಸಿದ ಫಕ್ಕೀರಪ್ಪ, ನನ್ನ ಮೇಲೆ ಎರಡು ತಂಬಿಗೆ ನೀರು ಸುರಿದು ಗೂಡಿಗೆ ಇಳಿಸಿದ. ತಮ್ಮನ ಪೆಟ್ಟಿಗೆ ಅಟ್ಟಕ್ಕೆ ಹೋಯಿತು.

ಮೊದಲ ದಿನವೇ ಗಂಡ ಹೆಂಡತಿಗೆ ಮಾತಿಗೆ ಮಾತು ಬೆಳೆಯಿತು.

"ಎಣ್ಣಿ ಹಚ್ಚಿ ನೀರಿಗೆ ಇಳಿಸಬ್ಯಾಡ್ರಿ ಅಂತ ಡಾಕ್ಟರ್ ಬರೋಬ್ಬರಿ ಹೇಳ್ಯಾರ, ನೀರು ಕೆಡತೈತಂತ," ಎಂದ ಫಕ್ಕೀರಪ್ಪ.

"ಎಣ್ಣಿ ಹಚ್ಚಲಾರದ ಯಾರರ ಬಿಸಿನೀರಿಗೆ ಇಳಿಸ್ತಾರೇನ್ರಿ? ಎಲುಬು ಒಣಗಿ ಹೋಗತಾವ," ಎಂದಳು ಹೆಂಡತಿ ನೀಲವ್ವ.

"ಒಂದು ಹನಿ ಬಿದ್ದರೂ ಈ ಟಬ್ಬ ತಗದು ಗುಜರಿಗೆ ಹಾಕ್ತೀನಿ ನೋಡು, ಹೇಳಿಲ್ಲ ಅನಬ್ಯಾಡ."

ನೀಲವ್ವ ಸುಮ್ಮನಾದಳು. ಅವಳ ಮೌನಕ್ಕೆ ಒಪ್ಪಿಗೆ ಎಂದು ಅರ್ಥ ಮಾಡಿಕೊಂಡದ್ದು ಫಕ್ಕೀರಪ್ಪನ ಭೋಳೇತನ. ಅವಳು ಬಾಣಂತಿಯರಿಗೂ ಕೂಸುಗಳಿಗೂ ಎಣ್ಣೆ ತಿಕ್ಕಿ ಓಣಿಯಲ್ಲೆಲ್ಲ ಹೆಸರಾದವಳು. ಔಡಲೆಣ್ಣೆಗೆ, ಅಂದರೆ ಹರಳೆಣ್ಣೆಗೆ, ಅಜವಾನ, ಬೆಳ್ಳುಳ್ಳಿ ಹಾಕಿ ಕಾಸಿ, ಇಳಿಸಿದ ಮೇಲೆ ಕರ್ಪೂರ ಪುಡಿ ಮಾಡಿ ಬೆರೆಸುತ್ತಿದ್ದಳು. ಗಂಡ ಅಂಗಡಿಗೆ ಹೋದದ್ದೇ ತಡ, ಮಗಳ ತೊಡೆಗೆ, ಮೊಣಕಾಲಿಗೆ, ಪಾದಕ್ಕೆ ಆ ಎಣ್ಣೆ ತಿಕ್ಕಿ ತಿಕ್ಕಿ ಇಂಗಿಸಿ ಆಮೇಲೆ ನೀರಿಗೆ ಇಳಿಸುತ್ತಿದ್ದಳು.

"ಅವ್ವಾ, ಅಪ್ಪಗ ಗೊತ್ತಾದರ?" ಎಂದು ದಾನೇಶ್ವರಿ ಹೆದರುತ್ತಿದ್ದಳು.

"ನಿಮ್ಮಪ್ಪಗ ಮೋಟರ್ ಬಿಟ್ಟು ಬ್ಯಾರೆ ಏನ್ ಗೊತ್ತಾಗತೈತಿ? ಸುಮ್ನ ಇಳಿ."

ಹೀಗೆ ನನಗೆ ಮೊದಲ ಸಲ ದಿನವೂ ಬರುವ ಪಾದಗಳು ಸಿಕ್ಕವು. ಒಂದು ಗಟ್ಟಿಯಾಗಿ ಊರುತ್ತಿತ್ತು, ಇನ್ನೊಂದು ನೆಲಕ್ಕೆ ತಾಗಿದ ಕೂಡಲೇ ಹಿಂದಕ್ಕೆ ಸರಿಯುತ್ತಿತ್ತು. ಆ ಹೆದರಿದ ಪಾದದ ಮೇಲೆ ನನಗೆ ಬಹಳ ಪ್ರೀತಿ ಹುಟ್ಟಿತು. ಆದರೆ ಎಣ್ಣೆ ಎಷ್ಟೇ ಇಂಗಿದರೂ ಬಿಸಿನೀರಿನಲ್ಲಿ ಬಿಟ್ಟುಕೊಳ್ಳುತ್ತದೆ. ಬಿಟ್ಟದ್ದೆಲ್ಲ ನನ್ನ ನೆರಿಗೆಗಳೊಳಗೆ ಕೂತಿತು. ಕೂದಲನ್ನು ಕೊಡವಬಹುದು, ಧೂಳನ್ನು ತೊಳೆಯಬಹುದು. ಎಣ್ಣೆ ಹಾಗಲ್ಲ. ದಿನದಿಂದ ದಿನಕ್ಕೆ ನನ್ನ ಉಸಿರು ಕಟ್ಟಿತು. ನೀರು ಅಕ್ಕಿ ತೊಳೆದ ನೀರಿನಂತಾಯಿತು. ನನ್ನನ್ನು ಹಾದು ಸಾಕಷ್ಟು ನೀರು ಹೋಗದೆ ಹೀಟರ್ ತಾನಾಗಿಯೇ ಆರಿಹೋಯಿತು.

ಫಕ್ಕೀರಪ್ಪ ಬಂದು ಮೋಟರ್ ಬಿಚ್ಚಿದ. ಬೇರೆ ಏನನ್ನು ಬಿಚ್ಚುತ್ತಾನೆ? ಸುಸ್ಥಿತಿಯಲ್ಲಿದ್ದ ತಂತಿಯನ್ನು ಕಿತ್ತು ಹೊಸದು ಸುತ್ತಿದ. ಬೇರಿಂಗ್ ಬದಲಿಸಿದ. ಮತ್ತೆ ಬಿಚ್ಚಿದ, ಮತ್ತೆ ಜೋಡಿಸಿದ. ನಾನು ಮೊಳ ದೂರದಲ್ಲಿ ಮುಚ್ಚಳದ ಕೆಳಗೆ ಕೂತು, 'ಅಣ್ಣಾ, ಇಲ್ಲಿ ನೋಡೋ' ಎಂದು ಮನಸ್ಸಿನಲ್ಲೇ ಕೂಗಿಕೊಂಡೆ. ನಮ್ಮ ಮಾತು ಯಾರಿಗೆ ಕೇಳುತ್ತದೆ! ದಾನೇಶ್ವರಿ ನೀರಿಗಿಳಿಯದೆ ದಿನಗಳು ಕಳೆದವು. ಸ್ವಲ್ಪ ಸಡಿಲವಾಗಿದ್ದ ಕಾಲು ಮತ್ತೆ ಬಿಗಿಯಿತು. ಮಳೆಗಾಲ ಅರ್ಧ ಕಳೆದಿತ್ತು.

"ಇದರ ಹಣೇಬರಹನ ಇಷ್ಟ. ನಾಳೆ ಗುಜರಿಯಾಂವಗ ಹೇಳ್ತೀನಿ," ಎಂದ ಫಕ್ಕೀರಪ್ಪ ಸೋತ ದನಿಯಲ್ಲಿ.

ಆ ಮಧ್ಯಾಹ್ನ ನೀಲವ್ವ ಒಬ್ಬಳೇ ಬಂದು ಟಬ್ಬಿನ ಅಂಚು ಹಿಡಿದು ನಿಂತಳು. ಇದು ತನ್ನ ಎಣ್ಣೆಯ ಕೆಲಸವೇ ಎಂಬ ಅನುಮಾನ ಅವಳಿಗೂ ಬಂದಿರಬೇಕು. ಹೇಳಿದರೆ ಗಂಡ ಆಡಿದ ಮಾತಿನಂತೆ ಟಬ್ ಗುಜರಿಗೆ ಹೋಗುತ್ತದೆ, ಹೇಳದಿದ್ದರೂ ನಾಳೆ ಹೋಗುತ್ತದೆ. ಸೆರಗನ್ನು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು.

ಸಂಜೆ ಫಕ್ಕೀರಪ್ಪ ಟಬ್ಬಿನ ನೀರು ಖಾಲಿ ಮಾಡಲು ಬಂದವನು ಗೂಡಿನ ಮುಚ್ಚಳ ಎತ್ತಿದ. ನನ್ನನ್ನು ಹೊರಗೆಳೆದ. ನಾನು ಕಂದುಬಣ್ಣಕ್ಕೆ ತಿರುಗಿ ಅಂಟಂಟಾಗಿದ್ದೆ. ಅವನು ನನ್ನನ್ನು ಮೂಗಿನ ಹತ್ತಿರ ತಂದ. ಆ ವಾಸನೆಯ ಪರಿಚಯ ಅವನಿಗಿಲ್ಲದೆ ಇರುತ್ತದೆಯೇ? ಎಷ್ಟು ವರ್ಷದಿಂದ ಅವನ ಬೆನ್ನಿಗೂ ಅದೇ ಎಣ್ಣೆ ಬಿದ್ದಿತ್ತು. ಅಡುಗೆಮನೆಯ ಕಿಟಕಿಯ ಕಡೆ ನೋಡಿದ. ಒಳಗೆ ನೀಲವ್ವ ರೊಟ್ಟಿ ಬಡಿಯುತ್ತಿದ್ದಳು. ಈಗ ಕೂಗಾಡುತ್ತಾನೆ ಎಂದು ನಾನು ಮುದುಡಿಕೊಂಡೆ. ಅವನು ಕೂಗಾಡಲಿಲ್ಲ. ಸದ್ದಿಲ್ಲದೆ ಅಟ್ಟದಿಂದ ತಮ್ಮನನ್ನು ತಂದು ಗೂಡಿಗೆ ಇಳಿಸಿದ, ಹೊಸ ನೀರು ಬಿಟ್ಟ. ನನ್ನನ್ನು ಚೀಲದಲ್ಲಿ ಹಾಕಿ ಸ್ಕೂಟರಿಗೆ ನೇತುಹಾಕಿದ. ಹೀಟರ್ ಹತ್ತಿಕೊಂಡಿತು.

"ಏ ನೀಲಾ, ಮೋಟರಿನಾಗ ಒಂದು ವೈರ್ ಸಡ್ಲ ಇತ್ತು. ಈಗ ಸರಿ ಆತು ನೋಡು," ಎಂದು ಕೂಗಿ ಹೇಳಿದ.

ಚೀಲದೊಳಗಿನಿಂದಲೇ ನನಗೆ ಕೇಳಿಸಿತು. ರೊಟ್ಟಿ ಬಡಿಯುವ ಸದ್ದು ನಿಂತಿತು, ಸ್ವಲ್ಪ ಹೊತ್ತಿಗೆ ಮತ್ತೆ ಶುರುವಾಯಿತು.

ಮರುದಿನ ಅಂಗಡಿಯಲ್ಲಿ ಫಕ್ಕೀರಪ್ಪ ನನ್ನನ್ನು ತೊಳೆಯಲು ಕೂತ. ಮೊದಲು ಕೈಗೆತ್ತಿಕೊಂಡದ್ದು ಮೋಟರಿನ ತುಕ್ಕು ಕೆರೆಯುವ ತಂತಿ ಬ್ರಷ್ಷು! ಒಂದು ನೆರಿಗೆ ಪಿಸಿದು ಎಳೆ ಎದ್ದಿತು. ಆ ಗಾಯ ಇಂದಿಗೂ ಇದೆ. ಪುಣ್ಯಕ್ಕೆ ಅಲ್ಲಿಗೇ ನಿಲ್ಲಿಸಿ, ಈಜುಕೊಳ ನೋಡಿಕೊಳ್ಳುವ ಗೆಳೆಯನನ್ನು ಕೇಳಿ ಬಂದ. ಆಮೇಲಿನದು ರಾಜೋಪಚಾರ. ಫಿಲ್ಟರ್ ತೊಳೆಯುವ ಪುಡಿಯನ್ನು ಬಕೆಟ್ ನೀರಿನಲ್ಲಿ ಕರಗಿಸಿ ನನ್ನನ್ನು ಇಡೀ ದಿನ ಮುಳುಗಿಸಿಡುತ್ತಿದ್ದ. ಜಿಡ್ಡು ಬಿಟ್ಟ ಮೇಲೆ ಪೈಪ್ ಹಿಡಿದು, ಮೇಲಿನಿಂದ ಕೆಳಗೆ, ಒಂದೊಂದೇ ನೆರಿಗೆ ಬಿಡಿಸಿ ನೀರು ಬಿಡುತ್ತಿದ್ದ. ನೊರೆ ಪೂರ್ತಿ ಹೋಗುವವರೆಗೆ ಬಿಡುತ್ತಿರಲಿಲ್ಲ. ಕೊನೆಗೆ ಗೋಡೆಯ ಮೊಳೆಗೆ ನೇತುಹಾಕಿ ಒಣಗಿಸುತ್ತಿದ್ದ. ನಾನು ಒಣಗಿದ ಮೇಲೆ ಮನೆಗೆ ಒಯ್ದು, ನೀಲವ್ವ ಅತ್ತಿತ್ತ ಹೋದಾಗ ನನ್ನನ್ನು ಇಳಿಸಿ ತಮ್ಮನನ್ನು ಎತ್ತಿ ತರುತ್ತಿದ್ದ. ಆ ಒಂದು ಗಳಿಗೆ ನಾನು ಅವನ ಬಲಗೈಯಲ್ಲಿ, ತಮ್ಮ ಎಡಗೈಯಲ್ಲಿ. ಅಷ್ಟರಲ್ಲೇ ತಮ್ಮನ ಮೈಯ ಎಣ್ಣೆ ವಾಸನೆಯಿಂದ ಮನೆಯ ಸುದ್ದಿ ನನಗೆ ತಿಳಿಯುತ್ತಿತ್ತು. ನೀಲವ್ವ ಎಣ್ಣೆ ನಿಲ್ಲಿಸಿರಲಿಲ್ಲ. ನಿಲ್ಲಿಸು ಎಂದು ಇವನೂ ಹೇಳಿರಲಿಲ್ಲ.

ಒಮ್ಮೆ ತೊಳೆಯುತ್ತ ತನ್ನಷ್ಟಕ್ಕೇ ಅಂದುಕೊಂಡ: "ಹಚ್ಚಲಿ ಬಿಡು. ಆಕಿಗೂ ಮಗಳಿಗೆ ಏನರ ಮಾಡಬೇಕು ಅನಸೂದಿಲ್ಲೇನು? ಹಚ್ಚೂದು ಆಕಿ ಕೆಲಸ, ತೊಳಿಯೂದು ನನ್ನ ಕೆಲಸ."

ಅವಳು ಹಚ್ಚುವುದನ್ನು ಅವನಿಗೆ ಹೇಳಲಿಲ್ಲ, ಅವನು ತೊಳೆಯುವುದನ್ನು ಅವಳಿಗೆ ಹೇಳಲಿಲ್ಲ. ಎರಡನ್ನೂ ಕಣ್ಣಾರೆ ಕಂಡವನು ನಾನು. ಗೊತ್ತಿದ್ದೂ ಹೇಳಲಾಗದವನ ಒಂಟಿತನ ಎಂಥದ್ದೆಂದು ನಿಮಗೆ ಹೇಗೆ ಹೇಳಲಿ?

ಹೆದರಿದ ಪಾದ ಮೆಲ್ಲಗೆ ಧೈರ್ಯ ಕಲಿಯಿತು. ಮೊದಲು ಬೆರಳು ಊರಿತು, ಆಮೇಲೆ ಹಿಮ್ಮಡಿ. ಒಂದು ದಿನ ಎರಡೂ ಪಾದಗಳು ಸಮನಾಗಿ ಟಬ್ಬಿನ ತಳಕ್ಕೆ ಊರಿ ನಿಂತವು. ನೀರಿನೊಳಗೆ ನಾನು ಕುಣಿಯುವುದೊಂದು ಬಾಕಿ. ಕೆಲವು ವಾರಗಳಲ್ಲಿ ಅವು ನೀರಿನ ಹೊರಗೂ ಹೆಜ್ಜೆ ಇಡಲು ಕಲಿತವು. ಮಳೆಗಾಲದ ಕೊನೆಗೆ ನನ್ನನ್ನು ಮತ್ತೆ ಅಂಗಡಿಗೆ ಒಯ್ಯುವ ಸರದಿ ಬಂತು. ಎಣ್ಣೆ ತುಂಬಿದ್ದ ನನ್ನನ್ನು ಮೊಳೆಗೆ ಸಿಕ್ಕಿಸಿ, ಫಕ್ಕೀರಪ್ಪ ಬಕೆಟ್ಟಿಗೆ ನೀರು ಬಿಡುತ್ತಿದ್ದಾಗ ಫೋನು ಬಂತು. ದಾನೇಶ್ವರಿ ಕೆಲಸದ ಪರೀಕ್ಷೆಯಲ್ಲಿ ನಿಂತು ತೋರಿಸಿದ್ದಳು, ನಡೆದೂ ತೋರಿಸಿದ್ದಳು. ಅವನು ನಲ್ಲಿಯನ್ನೂ ನಿಲ್ಲಿಸದೆ ಮನೆಗೆ ಓಡಿದ.

ನನ್ನನ್ನು ಮತ್ತೆ ತೊಳೆಯಲಿಲ್ಲ. ತೊಳೆಯುವ ಅಗತ್ಯವೂ ಬೀಳಲಿಲ್ಲ. ಟಬ್ಬನ್ನು ಧಾರವಾಡದ ಒಂದು ಚಿಕಿತ್ಸಾಲಯಕ್ಕೆ ಕೊಟ್ಟನಂತೆ. ಗೂಡಿನಲ್ಲಿದ್ದ ತಮ್ಮನೂ ಅದರೊಂದಿಗೇ ಹೋದ. ಅವಳು ನಡೆಯಲೆಂದೇ ನಾವಿಬ್ಬರೂ ದುಡಿದದ್ದು ನಿಜ. ಆದರೆ ಅವಳು ನಡೆದು ತೋರಿಸಿದ ದಿನವೇ ನಮ್ಮ ಜೋಡಿ ಮುರಿಯುತ್ತದೆಂದು ನಾನು ಎಣಿಸಿರಲಿಲ್ಲ. ಮೊಳೆಯ ಮೇಲೆ ಧೂಳು ತಿನ್ನುತ್ತ ವರ್ಷಗಳು ಹೋದವು. ಎದುರಿಗೆ ಕೂತು ತಂತಿ ಸುತ್ತುವ ಫಕ್ಕೀರಪ್ಪನ ಕೈ ಮೊದಲು ಸಣ್ಣಗೆ, ಆಮೇಲೆ ಜೋರಾಗಿ ನಡುಗತೊಡಗಿತು. ಕಡೆಗೆ ಅವನು ಬರುವುದೇ ನಿಂತಿತು.

ಮೊನ್ನೆ ಅಂಗಡಿ ಖಾಲಿ ಮಾಡಲು ನೀಲವ್ವ ಬಂದಳು. ಜೊತೆಯಲ್ಲಿ ಬಂದವಳ ಹೆಜ್ಜೆ ಕೇಳಿದೆ. ಎರಡೂ ಸಮ. ಖಾಕಿ ಸಮವಸ್ತ್ರದ ದಾನೇಶ್ವರಿ! ಆ ಪಾದ ಈಗ ಹೆದರುತ್ತಿರಲಿಲ್ಲ, ನನ್ನ ಗುರುತೂ ಅದಕ್ಕಿರಲಿಲ್ಲ.

"ಏನವ್ವಾ ಅದು ಹೊಲಸು? ಗುಜರಿ ಚೀಲಕ್ಕ ಹಾಕು," ಎಂದಳು.

ನೀಲವ್ವ ನನ್ನನ್ನು ಮೊಳೆಯಿಂದ ತೆಗೆದು ಸೆರಗಿನಿಂದ ಧೂಳು ಒರೆಸಿದಳು. ಒರೆಸುತ್ತಿದ್ದ ಕೈ ನಿಂತಿತು. ನನ್ನನ್ನು ಮೂಗಿಗೆ ಹಿಡಿದಳು. ಗಂಡನ ಸ್ಟೂಲಿನ ಮೇಲೆ ಕೂತಳು.

"ದಾನಮ್ಮ, ಇದು ನನ್ನ ಎಣ್ಣಿ. ನಿನ್ನ ಕಾಲಿಗೆ ಹಚ್ಚತಿದ್ನಲ್ಲ, ಅದ. ಇದು ಟಬ್ಬಿನಾಗಿಂದು. ಇಲ್ಲಿಗೆ ಹೆಂಗ ಬಂತು?"

ದಾನೇಶ್ವರಿ ಮೊಳೆಯ ಕೆಳಗಿನ ಬಕೆಟ್ಟು, ಪೈಪು, ಕಪಾಟಿನಲ್ಲಿ ಉಳಿದ ಪುಡಿಯ ಡಬ್ಬಿ ಎಲ್ಲ ನೋಡಿದಳು. "ಅಪ್ಪಗ ಗೊತ್ತಿತ್ತೇನವ್ವಾ?" ಎಂದಳು. ನೀಲವ್ವ ನನ್ನನ್ನು ಮಡಿಲಲ್ಲಿಟ್ಟುಕೊಂಡು ಮನೆಗೆ ಬಂದಳು.

ಫಕ್ಕೀರಪ್ಪ ಪಡಸಾಲೆಯಲ್ಲಿ ಕೂತಿದ್ದ. ಕೈಗಳೆರಡೂ ತೊಡೆಯ ಮೇಲೆ ನಡುಗುತ್ತಿದ್ದವು. ನೀಲವ್ವ ನನ್ನನ್ನು ಅವನ ಮುಂದೆ ಹಿಡಿದಳು.

"ಇದೇನ್ರಿ?"

"ಫಿಲ್ಟರ್."

"ಅದು ನನಗೂ ಕಾಣತೈತಿ. ಏನ್ ವಾಸನಿ ಇದು?"

ಫಕ್ಕೀರಪ್ಪ ನನ್ನನ್ನು ನೋಡಿದ, ಅವಳನ್ನು ನೋಡಿದ, ಗೋಡೆಯ ಕಡೆ ತಿರುಗಿದ.

"ಮೋಟರ್ ಎಣ್ಣಿ ಇರಬೇಕು," ಎಂದ.

ನೀಲವ್ವನಿಗೆ ನಗು ಬಂತು. ನಗುತ್ತ ನಗುತ್ತಲೇ ಅತ್ತಳು. ಒಳಗೆ ಹೋಗಿ ಎಣ್ಣೆಯ ಬಟ್ಟಲು ತಂದು, ಅವನ ನಡುಗುವ ಕೈಯನ್ನು ತನ್ನ ಮಡಿಲಿಗೆ ಎಳೆದುಕೊಂಡು ತಿಕ್ಕತೊಡಗಿದಳು. ಅವನು ಬೇಡ ಎನ್ನಲಿಲ್ಲ.

ಈಗ ನಾನು ಅದೇ ಪಡಸಾಲೆಯ ಕಿಟಕಿಯಲ್ಲಿದ್ದೇನೆ. ಗುಜರಿಗೆ ಹಾಕಲು ನೀಲವ್ವ ಬಿಡಲಿಲ್ಲ. ದಿನವೂ ಎಣ್ಣೆ ತಿಕ್ಕುವುದನ್ನು ನೋಡುತ್ತೇನೆ. ಅವರಿಗೆ ನನ್ನ ಸಾಕ್ಷಿ ಇನ್ನು ಬೇಕಿಲ್ಲ, ಅದು ಸಂತೋಷವೇ. ಆದರೆ ಮಧ್ಯಾಹ್ನದ ಬಿಸಿಲಿಗೆ ನೆರಿಗೆ ಬಿಸಿಯಾಗಿ ಹಳೆಯ ಎಣ್ಣೆಯ ವಾಸನೆ ಎದ್ದಾಗ ನನಗೆ ತಮ್ಮನ ನೆನಪಾಗುತ್ತದೆ. ಧಾರವಾಡದಲ್ಲಿ ಯಾರ್ಯಾರ ಹೆದರಿದ ಪಾದಗಳನ್ನು ನೋಡುತ್ತಿದ್ದಾನೋ, ಅವನ ನೆರಿಗೆ ಬಿಡಿಸಿ ತೊಳೆಯುವವರು ಇದ್ದಾರೋ ಇಲ್ಲವೋ. ಅವನು ದಣಿದಾಗ ಅವನ ಜಾಗಕ್ಕೆ ಇಳಿಯಬೇಕಾದವನು ನಾನು. ನಾನಿಲ್ಲಿ ಕಿಟಕಿಯಲ್ಲಿ ಒಣಗಿ ಕೂತಿದ್ದೇನೆ.