ಅಟ್ಟಕ್ಕೆ ಓಡಿಸುವ ಗಂಟೆ

ಆ ಹಾಸಿಗೆ ಕಾರ್ಖಾನೆಯ ಗೇಟು ಕಾಯುವವನನ್ನು ಎಲ್ಲರೂ ಗಂಟೆಯಣ್ಣ ಎಂದೇ ಕರೆಯುತ್ತಿದ್ದರು. ಗೇಟಿನ ಪಕ್ಕದ ಗೋಡೆಯಲ್ಲಿ ನೇತಾಡುತ್ತಿದ್ದ ಕಂಚಿನ ಗಂಟೆಯ ಕೆಳಗೆ ‘ಬೆಂಕಿ ಬಿದ್ದಾಗ ಮಾತ್ರ ಬಾರಿಸಿ’ ಎಂದು ಕೆಂಪಕ್ಷರದಲ್ಲಿ ಬರೆದಿತ್ತು. ಬರೆದದ್ದೆಲ್ಲ ನಡೆಯುವುದಾದರೆ ಲೋಕ ಎಂದೋ ಉದ್ಧಾರವಾಗುತ್ತಿತ್ತು. ಕಾರ್ಮಿಕ ಇಲಾಖೆಯ ಇನ್‌ಸ್ಪೆಕ್ಟರರ ಜೀಪು ರಸ್ತೆಯ ತಿರುವಿನಲ್ಲಿ ಕಂಡ ಕೂಡಲೇ ಅದನ್ನು ಬಾರಿಸುವುದು ಗಂಟೆಯಣ್ಣನ ಕೆಲಸ. ಅವನಿಗೆ ಸಂಬಳ ಕೊಡುತ್ತಿದ್ದದ್ದೇ ಅದಕ್ಕೆ. ಬರೀ ಗೇಟು ಕಾಯಲು ಒಂದು ನಾಯಿ ಸಾಕಿತ್ತು.

ಗಂಟೆ ಕೇಳಿತೋ, ಒಳಗೆ ಎರಡು ಕೆಲಸ ಒಟ್ಟಿಗೆ ನಡೆಯಬೇಕು. ಹೊಲಿಗೆ ವಿಭಾಗ ನೋಡಿಕೊಳ್ಳುವ ಮೇಸ್ತ್ರಿ ಅಕ್ಕ ಸೊಂಟದಿಂದ ಕೀಲಿ ತೆಗೆದು ಹಿಂಬಾಗಿಲ ಬೀಗ ಬಿಚ್ಚಬೇಕು. ಅದು ಸದಾ ತೆರೆದಿರಬೇಕೆಂಬುದು ಕಾನೂನು, ಆದರೆ ಮಾಲು ಕಳುವಾಗುತ್ತದೆಂದು ಉಳಿದ ಹೊತ್ತೆಲ್ಲ ಅದಕ್ಕೆ ಬೀಗವೇ ಗತಿ. ಇನ್ನೊಂದು, ಹಾಜರಿಯಲ್ಲಿ ಹೆಸರಿಲ್ಲದ ಹುಡುಗಿಯರೆಲ್ಲ ಏಣಿ ಹತ್ತಿ ಅಟ್ಟ ಸೇರಿ, ಒಳಗಿನಿಂದ ಚಿಲಕ ಹಾಕಿಕೊಂಡು, ಬಟ್ಟೆಯ ಸುರುಳಿಗಳ ನಡುವೆ ಉಸಿರು ಬಿಗಿಹಿಡಿದು ಕೂರಬೇಕು. ಕೆಲಸಗಾರರ ಸಂಖ್ಯೆ ಒಂದು ಮಿತಿ ದಾಟಿದರೆ ವಿಮೆ, ರಜೆ, ಭವಿಷ್ಯನಿಧಿ ಎಂದು ಕಾನೂನು ಬೆನ್ನು ಹತ್ತುತ್ತಿತ್ತು. ಹಾಗಾಗಿ ಮಿತಿ ದಾಟಿದವರು ಹುಟ್ಟಿಯೇ ಇಲ್ಲ ಎಂಬಂತೆ ಕಾರ್ಖಾನೆ ನಡೆಯುತ್ತಿತ್ತು.

ಹಾಗೆ ಹುಟ್ಟದವರ ಪೈಕಿ ಈಗ ಗಂಟೆಯಣ್ಣನ ಮಗಳೂ ಒಬ್ಬಳು. ಹತ್ತಿರದ ಸರ್ಕಾರಿ ಕಾಲೇಜಿನಲ್ಲಿ ಓದುತ್ತಿದ್ದವಳು. ಮಕ್ಕಳು ಕಡಿಮೆ, ಖರ್ಚು ಜಾಸ್ತಿ ಎಂದು ಸರ್ಕಾರ ಆ ಕಾಲೇಜನ್ನು ಎರಡು ಬಸ್ಸು ಬದಲಿಸಿ ಹೋಗಬೇಕಾದ ಇನ್ನೊಂದು ಕಾಲೇಜಿಗೆ ಸೇರಿಸಿಬಿಟ್ಟಿತು. ಕಾಲೇಜುಗಳು ಕೂಡಿಕೊಂಡವು, ಹುಡುಗಿಯರು ಉದುರಿಹೋದರು. “ಸ್ವಲ್ಪ ದಿನ ಅಷ್ಟೇ ಅಪ್ಪ, ಆಮೇಲೆ ಮತ್ತೆ ಸೇರ್ಕೊಳ್ತೀನಿ” ಎಂದಳು. ಅವನು ತಾನೇ ಮ್ಯಾನೇಜರ ಕಾಲು ಹಿಡಿದು ಕೆಲಸ ಕೊಡಿಸಿದ. ಹೆಂಡತಿ ತೀರಿಕೊಂಡ ಮೇಲೆ ಅವನಿಗೆ ಇದ್ದದ್ದು ಅವಳೊಬ್ಬಳೇ. ಕಣ್ಣೆದುರಿಗೆ ಇರುತ್ತಾಳಲ್ಲ ಎಂದು ಸಮಾಧಾನಪಟ್ಟ.

ಅಷ್ಟರಲ್ಲಿ ಹೊಸ ನೀತಿ ಬಂತು. ಉದ್ದಿಮೆಗಳು ಪಕ್ಕದ ರಾಜ್ಯಕ್ಕೆ ಓಡಿಹೋಗಬಾರದೆಂದು ತೆರಿಗೆ ಮಾಫಿ, ಹನ್ನೆರಡು ಗಂಟೆಯ ಪಾಳಿ, ಎಲ್ಲವೂ ಅದರಲ್ಲಿತ್ತು. ಇನ್‌ಸ್ಪೆಕ್ಟರು ಹೇಳದೆ ಕೇಳದೆ ಬರುವುದು ಬಂದ್. ಎಲ್ಲ ಸರಿಯಾಗಿದೆ ಎಂದು ಮಾಲೀಕರೇ ಬರೆದುಕೊಟ್ಟರೆ ಸರ್ಕಾರ ನಂಬುತ್ತದಂತೆ. ಕಳ್ಳನ ಕೈಗೇ ಬೀಗದ ಕೈ ಕೊಟ್ಟ ಹಾಗಾಯಿತು. ಗಂಟೆಯಣ್ಣನಿಗೆ ಮೊದಲು ಹೆದರಿಕೆಯಾದದ್ದು ತನ್ನ ಕೆಲಸದ ಬಗ್ಗೆ. ಮ್ಯಾನೇಜರ ಬಳಿ ಹೋಗಿ ನಿಂತ.

“ಸಾರ್, ಇನ್ಮೇಲೆ ಜೀಪು ಬರೋದೇ ಇಲ್ವಂತೆ?”

“ಬಂದ್ರೂ ಮೊದಲೇ ಕಾಗದ ಬರೆದು ಬರ್ಬೇಕು. ಅಳಿಯ ಮಾವನ ಮನೆಗೆ ಬಂದ ಹಾಗೆ.” ಮ್ಯಾನೇಜರು ತಮ್ಮ ಹಾಸ್ಯಕ್ಕೆ ತಾವೇ ನಕ್ಕರು. “ಹೆದರ್ಬೇಡ, ನಿನ್ನ ತೆಗೆಯಲ್ಲ.”

“ಹಂಗಾದ್ರೆ ಹಿಂಬಾಗಿಲು ತೆರೆದೇ ಇಡಬಹುದಲ್ಲ ಸಾರ್? ಹುಡುಗಿಯರಿಗೂ ಅಟ್ಟ ಗಿಟ್ಟ ಮರೆತುಬಿಡಿ ಅಂತ ಹೇಳ್ಬಿಡೋಣ.”

“ಬಾಗಿಲು ತೆರೆದೇ ಇದೆ ಅಂತ ಮಾಲೀಕ್ರು ಬರೆದುಕೊಟ್ಟಾಯ್ತಲ್ಲ, ಮತ್ತೆ ಯಾಕೆ ತೆರೀಬೇಕು? ಗಂಟೆ ಇನ್ನು ಹೊಡೆಯೋ ಪ್ರಮೇಯವೇ ಇಲ್ಲ. ಸುಮ್ನೆ ಹುಡುಗಿಯರ ತಲೆ ಕೆಡಿಸ್ಬೇಡ, ಹೋಗು.”

ಹೋದ. ಉಂಡ ಮನೆಯ ಜಂತೆ ಎಣಿಸುವವನಲ್ಲ ಅವನು. ಆರ್ಡರು ಹೆಚ್ಚಿತು. ಫೋಮಿನ ಹಾಳೆಗಳು ಗೋದಾಮು ತುಂಬಿ, ಓಡಾಡುವ ದಾರಿಗೆ ಬಂದು, ಮುಂಬಾಗಿಲ ಎರಡೂ ಬದಿಗೆ ಸೂರು ಮುಟ್ಟುವಷ್ಟು ಎದ್ದವು. ಅಂಟು ಕಾಯಿಸುವ ಯಂತ್ರ ಹನ್ನೆರಡು ಗಂಟೆ ಕಾಲ ಆರದೆ ಉರಿಯುತ್ತಿತ್ತು. ಅದರ ವೈರು ಎರಡು ಕಡೆ ಕರಗಿದ್ದನ್ನು ಟೇಪು ಸುತ್ತಿ ಬಿಟ್ಟಿದ್ದರು. ಮಗಳ ತಲೆಗೂದಲಲ್ಲೂ ಸುಟ್ಟ ಅಂಟಿನ ವಾಸನೆ. “ಬಾಗಿಲ ಹತ್ರ ಕೂರೇ” ಎಂದರೆ, “ನಮ್ಮ ಜಾಗ ಏಣಿ ಪಕ್ಕಾನೇ ಅಪ್ಪ, ಮೇಸ್ತ್ರಿ ಅಕ್ಕ ಬಿಡಲ್ಲ” ಎಂದು ನಕ್ಕಳು.

ಆ ಮಧ್ಯಾಹ್ನ ಊಟದ ಬುತ್ತಿ ಬಿಚ್ಚುತ್ತಿದ್ದ ಗಂಟೆಯಣ್ಣನಿಗೆ ಅದೇ ವಾಸನೆ ಗೇಟಿನವರೆಗೂ ಬಂತು. ತಲೆಯೆತ್ತಿದರೆ ಗವಾಕ್ಷಿಯಿಂದ ಕರಿ ಹೊಗೆ. ಮುಂಬಾಗಿಲಿಗೆ ಓಡಿದ, ಅಲ್ಲಿಯ ಫೋಮು ಆಗಲೇ ಕರಗಿ ಉರಿಯುತ್ತಿತ್ತು, ಒಳಗೆ ಹೆಜ್ಜೆ ಇಡುವ ಹಾಗಿರಲಿಲ್ಲ. ಉಳಿದದ್ದು ಹಿಂಬಾಗಿಲು. ಅದರ ಕೀಲಿ ಮೇಸ್ತ್ರಿ ಅಕ್ಕನ ಸೊಂಟದಲ್ಲಿ. ಅಷ್ಟು ಉದ್ದದ ಶೆಡ್ಡಿನ ಆ ತುದಿಯಲ್ಲಿ, ಯಂತ್ರಗಳ ಗದ್ದಲದಲ್ಲಿ, ಯಾರಿಗೂ ಇನ್ನೂ ಬೆಂಕಿಯ ಸುಳಿವಿರಲಿಲ್ಲ. ಗಂಟೆ ಬಾರಿಸಿದರೆ ಬಾಗಿಲು ತೆರೆಯುತ್ತದೆ. ಅವನಿಗೆ ಹೊಳೆದದ್ದು ಅಷ್ಟೇ. ಕೈ ಸೋಲುವವರೆಗೂ ಬಾರಿಸಿದ.

ಬಾಗಿಲು ತೆರೆಯಿತು. ಅವನು ಸುತ್ತು ಹಾಕಿ ಹಿಂದೆ ಬರುವಷ್ಟರಲ್ಲಿ ಮೇಸ್ತ್ರಿ ಅಕ್ಕ ಸೆರಗು ಸರಿಮಾಡಿಕೊಳ್ಳುತ್ತ ಹೊಸ್ತಿಲಲ್ಲಿ ನಿಂತಿದ್ದಳು.

“ಜೀಪೆಲ್ಲಿ?” ಎಂದಳು.

“ಯಾವ ಜೀಪಕ್ಕ! ಬೆಂಕಿ! ಎಲ್ರೂ ಆಚೆಗೆ ಬನ್ನಿ!”

ಬಂದರು. ಕೆಮ್ಮುತ್ತ, ಒಬ್ಬರನ್ನೊಬ್ಬರು ತಳ್ಳುತ್ತ ಬಂದರು. ಗಂಟೆಯಣ್ಣ ಒಂದೊಂದೇ ಮುಖ ನೋಡಿದ. ಹಾಜರಿಯಲ್ಲಿ ಹೆಸರಿದ್ದವರೆಲ್ಲ ಇದ್ದರು. ಮೇಸ್ತ್ರಿ ಅಕ್ಕ ಬಾಯಿಗೆ ಕೈ ಹಿಡಿದಳು. “ಅಯ್ಯೋ ಅಣ್ಣ, ನಾನೇ ಅಟ್ಟ ಹತ್ತಿಸಿದೆನಲ್ಲೋ” ಎಂದು ನೆಲಕ್ಕೆ ಕುಸಿದಳು.

ಟವೆಲು ಮುಖಕ್ಕೆ ಸುತ್ತಿಕೊಂಡು ಅವನು ಒಳಗೆ ನುಗ್ಗಿದ, ಕಣ್ಣು ಕಾಣದಿದ್ದರೂ ತಡಕಾಡಿ ಏಣಿ ಹತ್ತಿದ, ಅಟ್ಟದ ಬಾಗಿಲನ್ನು ಎರಡೂ ಮುಷ್ಟಿಯಿಂದ ಗುದ್ದಿದ.

“ತೆಗೀರೇ! ಬೆಂಕಿ ಬಿದ್ದಿದೆ, ತೆಗೀರೇ!”

ಒಳಗೆ ಸದ್ದೇ ಇಲ್ಲ. ಹಿಂದೊಮ್ಮೆ ಇನ್‌ಸ್ಪೆಕ್ಟರೊಬ್ಬರು ಹೊರಗೆ ನಿಂತು ‘ಹಾವು, ಹಾವು’ ಎಂದು ಕೂಗಿ, ಒಳಗಿದ್ದವರು ಕಿರುಚಿ ಸಿಕ್ಕಿಬಿದ್ದಿದ್ದರು. ಆಮೇಲೆ ಹೊಸಬರಿಗೆಲ್ಲ ಕಲಿಸುತ್ತಿದ್ದದ್ದು ಒಂದೇ ಪಾಠ: ಹೊರಗೆ ಯಾರು ಏನೇ ಅಂದರೂ ಚಿಲಕ ಮುಟ್ಟಬೇಡಿ. ಬೆಳಕು ಕಾಣಬಾರದೆಂದು ಸಂದಿಗಳಿಗೆಲ್ಲ ಬಟ್ಟೆ ತುರುಕಿದ್ದರಿಂದ ಹೊಗೆಯೂ ಇನ್ನೂ ಒಳಗೆ ಹೋಗಿರಲಿಲ್ಲ.

“ಮಗಾ, ನಾನು ಕಣೇ, ಅಪ್ಪ! ಅಪ್ಪ ಬಂದಿದೀನಿ!”

ಹಾಗೆ ಕೂಗಿದ ಮೇಲೆ ಅವನಿಗೆ ನೆನಪಾಯಿತು. ಮೊದಲ ದಿನ ಅವಳನ್ನು ಗೇಟಿನಲ್ಲಿ ನಿಲ್ಲಿಸಿಕೊಂಡು ಅವನೇ ಹೇಳಿದ್ದ: ನಾನೇ ಬಂದು ಕರೆದ್ರೂ ತೆಗೀಬೇಡ, ಇನ್‌ಸ್ಪೆಕ್ಟರು ನನ್ನ ಕತ್ತು ಹಿಡಿದು ಕರೆಸ್ತಾ ಇರ್ತಾರೆ. ಹೇಳಿದ ಮಾತು ಮೀರುವ ಹುಡುಗಿಯೇ ಅಲ್ಲ ಅವಳು.

ಅವನು ಭುಜ ಕೊಟ್ಟು ಬಾಗಿಲಿಗೆ ಬಿದ್ದ, ಮತ್ತೆ ಬಿದ್ದ. ಹಲಗೆ ಅಲುಗಲಿಲ್ಲ. ಹೊಗೆ ಏಣಿಯ ಮೆಟ್ಟಿಲುಗಳನ್ನು ಒಂದೊಂದಾಗಿ ನುಂಗುತ್ತ ಮೇಲೇರುತ್ತಿತ್ತು. ಒಳಗೆ ಯಾರೋ ಬಿಕ್ಕಿದರು. ಆಗ ಬಾಗಿಲ ಆಚೆ, ಅವನ ಕೆನ್ನೆಗೆ ತೀರ ಹತ್ತಿರದಲ್ಲೇ, ಮಗಳು ಪಿಸುಗುಟ್ಟಿದಳು:

“ಶ್, ಅಳಬೇಡ್ರೇ. ನಾವು ಸಿಕ್ಕಿಬಿದ್ರೆ ನಮ್ಮಪ್ಪನ ಕೆಲಸ ಹೋಗುತ್ತೆ.”