ಗುಳ್ಳೆಮಾವನ ಬೋಗುಣಿ

ನೀರಿನಲ್ಲಿ ಮುಳುಗಿಸಿ ನೋಡುವವರೆಗೆ ನನ್ನ ಸೋದರಮಾವ ಯಾವುದನ್ನೂ ನಂಬುತ್ತಿರಲಿಲ್ಲ. ಸೈಕಲ್ ಟ್ಯೂಬಿಗೆ ಪಂಕ್ಚರ್ ಹಾಕುವುದೇ ವೃತ್ತಿಯಾಗಿದ್ದವರಿಗೆ ಟ್ಯೂಬಿನ ಮಟ್ಟಿಗೆ ಅದು ಸಹಜ. ಆದರೆ ಹೊಸ ಚೊಂಬಾಗಲಿ, ಬಿಸಿನೀರಿನ ರಬ್ಬರ್ ಚೀಲವಾಗಲಿ, ಮಳೆಗಾಲದ ಬೂಟಾಗಲಿ, ಅಂಗಡಿಯ ಕರಿ ಬೋಗುಣಿಯಲ್ಲಿ ಮುಳುಗಿ ದೀಕ್ಷೆ ಪಡೆಯದೆ ಅವರ ಮನೆಯ ಹೊಸ್ತಿಲು ದಾಟುವಂತಿರಲಿಲ್ಲ. ಗುಳ್ಳೆ ಏಳದಿದ್ದರೆ ವಸ್ತು ಸಾಚಾ. "ಮನುಷ್ಯ ಸುಳ್ಳು ಹೇಳ್ತಾನೆ, ನೀರು ಹೇಳಲ್ಲ" ಎನ್ನುವುದು ಅವರ ಏಕೈಕ ಸಿದ್ಧಾಂತ. ಬೀದಿಗೆಲ್ಲ ಅವರು ಗುಳ್ಳೆಮಾವ. "ಮದುವೆಗೆ ಮುಂಚೆ ನನ್ನನ್ನೂ ಒಂದ್ಸಲ ಮುಳುಗಿಸಿ ನೋಡ್ಬೇಕಿತ್ತು" ಎಂದು ಅತ್ತೆ ಛೇಡಿಸಿದರೆ, ಅವರು ಮುಖ ಸಡಿಲಿಸದೆ, "ಆಗ ಬೋಗುಣಿ ಚಿಕ್ಕದಿತ್ತು ಕಣೇ" ಎನ್ನುತ್ತಿದ್ದರು.

ಕಾಣದ ಪಂಪೊಂದನ್ನು ಒತ್ತುತ್ತಿರುವವರ ಹಾಗೆ ಪ್ರತಿ ಹೆಜ್ಜೆಗೂ ತುಸು ಕುಗ್ಗಿ ಏಳುವ ನಡಿಗೆ. ಮೈಮೇಲೆ ಸದಾ ಅದೇ ಖಾಕಿ ಕೋಟು, ಅದರ ಮೊಣಕೈಗೆ ಅಂಟಿಸಿದ ಟ್ಯೂಬಿನ ತುಂಡು. ಜೇಬಿನಲ್ಲಿ ಕನ್ನಡಕ, ಮೂಗಿನ ಮೇಲೆ ಎಂದೂ ಇಲ್ಲ. ಬೆರಳೇ ತಮ್ಮ ಕಣ್ಣು ಎಂಬ ಜಂಬ ಅವರದು. ಆ ಬೆರಳುಗಳಾದರೋ ವರ್ಷಗಟ್ಟಲೆ ತೇಪೆ ಅಂಟಿಸುವ ಸೊಲ್ಯೂಷನ್ ಮೆತ್ತಿ, ಸೂಜಿ ಚುಚ್ಚಿದರೂ ತಿಳಿಯದಷ್ಟು ಜಡ್ಡುಗಟ್ಟಿದ್ದವು. ಅದನ್ನು ಅವರಿಗೆ ಯಾರಾದರೂ ಹೇಳಬೇಕಿತ್ತು.

ಅತ್ತೆ ಬಾತು ಸಾಕುತ್ತಿದ್ದರು. ಅವರ ತವರುಮನೆ ಮಾರಿಹೋಗಿ, ಅಲ್ಲಿದ್ದವರೂ ಒಬ್ಬೊಬ್ಬರಾಗಿ ಹೋಗಿ, ಕೊನೆಗೆ ತವರಿನದೆಂದು ಉಳಿದದ್ದು ತಾಯಿ ಕೊಟ್ಟ ಬಾತುಗಳ ಈ ಸಂತತಿಯೊಂದೇ. ಆ ವರ್ಷ ಬೀದಿನಾಯಿಗಳು ಅದನ್ನೂ ಮುಗಿಸುತ್ತ ಬಂದು, ಕಡೆಗೆ ಕಾವಿಗೆ ಕೂತಿದ್ದ ಹೆಣ್ಣುಬಾತನ್ನೇ ಎಳೆದೊಯ್ದವು. ಅನಾಥವಾದ ಮೊಟ್ಟೆಗಳನ್ನು ಅತ್ತೆ ಒಂದು ಕೋಳಿಯ ಕೆಳಗಿಟ್ಟು, ಬಾತಿನ ಮೊಟ್ಟೆಗೆ ತೇವ ಬೇಕೆಂದು ದಿನವೂ ಒದ್ದೆ ಕೈಯಿಂದ ಸವರಿ ಕಾದರು. ಮರಿಯಾಗಬೇಕಾದ ದಿನ ಬಂತು, ಹೋಯಿತು. ಕೋಳಿಗೂ ಬೇಸರ ಬಂದು ಆಗಾಗ ಎದ್ದು ಹೋಗತೊಡಗಿತು.

ಮಾವನಿಗೆ ನಿದ್ದೆ ಹತ್ತಲಿಲ್ಲ. ಒಳಗೆ ಜೀವವಿದ್ದರೆ ಉಗುರುಬೆಚ್ಚಗಿನ ನೀರಿನಲ್ಲಿ ಮೊಟ್ಟೆ ತೇಲುತ್ತ ತಾನಾಗಿ ಅಲುಗುತ್ತದೆ ಎಂದು ಯಾರಿಂದಲೋ ಕೇಳಿದ್ದೇ ತಡ, ಬೋಗುಣಿಯನ್ನು ತಿಕ್ಕಿ ತೊಳೆದು ಹಿತ್ತಲಿಗೆ ತಂದರು. ನಾನೂ ಅಲ್ಲಿದ್ದೆ. ಒಂದೊಂದೇ ಮೊಟ್ಟೆಯನ್ನು ಬಿಟ್ಟು ಉಸಿರು ಹಿಡಿದು ನೋಡಿದೆವು; ಒಂದೊಂದೂ ನಿಶ್ಚಲ. ಅತ್ತೆ ಸೆರಗು ಬಾಯಿಗೊತ್ತಿಕೊಂಡಿದ್ದರು. ಕಟ್ಟಕಡೆಯದು ಮಾತ್ರ, ನೀರು ನಿಂತ ಮೇಲೆ, ಯಾರೋ ಒಳಗಿನಿಂದ ಮೊಣಕೈ ತಿವಿದಂತೆ ಸಣ್ಣಗೆ ಅಲುಗಿತು.

"ಇದೆ ಕಣೇ, ಇದೆ" ಎಂದರು ಮಾವ. ಅತ್ತೆ ಮೊಟ್ಟೆಯನ್ನು ಒರೆಸಿ ಕೋಳಿಯ ಕೆಳಗಿಟ್ಟು, "ಗೊತ್ತಾಯ್ತಲ್ಲ, ಇನ್ನು ಬಿಟ್ಬಿಡಿ. ತಾಳಿದವನು ಬಾಳಿಯಾನು" ಎಂದರು.

ಆದರೆ ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡುವ ಜೀವ ಅದು. ಮರುದಿನವೂ ಮರಿ ಬರಲಿಲ್ಲ. ಅದರ ಮರುದಿನ ಮಧ್ಯಾಹ್ನ ಅತ್ತೆ ನೀರು ತರಲು ಹೋದಾಗ, "ಒಂದೇ ಒಂದ್ಸಲ ನೋಡ್ಬಿಡ್ತೀನಿ, ನಿಮ್ಮತ್ತೆಗೆ ಹೇಳ್ಬೇಡ" ಎಂದು ನನಗೆ ಹೇಳುತ್ತ ಮಾವ ಮೊಟ್ಟೆಯನ್ನು ಬೋಗುಣಿಗೆ ಬಿಟ್ಟರು. ಅದರ ದಪ್ಪ ತುದಿಯಲ್ಲಿ ಕೊಕ್ಕು ಆಗಲೇ ಒಂದು ಬಿರುಕು ಮಾಡಿತ್ತು. ಕನ್ನಡಕ ಜೇಬಿನಲ್ಲಿತ್ತು, ಬೆರಳಿಗೆ ಬಿರುಕು ತಿಳಿಯಲಿಲ್ಲ. ಮೊಟ್ಟೆ ಹೊರಳಿತು, ಒಂದು ಗುಳ್ಳೆ ಎದ್ದಿತು.

ಗುಳ್ಳೆ ಕಂಡೊಡನೆ ಆ ಕೈಗಳು ಜೀವಮಾನವಿಡೀ ಮಾಡಿದ್ದನ್ನೇ ಮಾಡಿದವು. ತೂತು ಎಲ್ಲಿದೆಯೆಂದು ಪತ್ತೆಹಚ್ಚಲು ಮೊಟ್ಟೆಯನ್ನು ನೀರೊಳಕ್ಕೆ ಒತ್ತಿ ಹಿಡಿದು, ಟ್ಯೂಬನ್ನು ತಿರುಗಿಸುವ ಹಾಗೆ ಸಾವಕಾಶವಾಗಿ ತಿರುಗಿಸಿದವು. ಇನ್ನೊಂದು ಗುಳ್ಳೆ, ಮತ್ತೊಂದು. ಬುದ್ಧಿ ಕೈಯನ್ನು ಹಿಂದಕ್ಕೆಳೆಯುವ ಹೊತ್ತಿಗೆ ಗುಳ್ಳೆಗಳು ನಿಂತಿದ್ದವು.

ಮೊಟ್ಟೆಯನ್ನು ಕೋಟಿನೊಳಗೆ ಎದೆಗವಚಿಕೊಂಡು ಅವರು ಸಂಜೆಯವರೆಗೂ ಕೂತಿದ್ದರು. ಅತ್ತೆಯೇ ಬಿಡಿಸಿ ತೆಗೆದುಕೊಂಡು ಚಿಪ್ಪು ಸರಿಸಿದರು. ಪೂರ್ತಿ ಬೆಳೆದ ಮರಿ, ಕೊಕ್ಕು ಬಿರುಕಿಗೆ ತಾಗಿಕೊಂಡೇ ಇತ್ತು. ಅತ್ತೆ ಬೈಯಲಿಲ್ಲ, ಅಳಲೂ ಇಲ್ಲ. "ಅದು ಬರ್ತಾನೇ ಇತ್ತು ಕಣ್ರೀ" ಎಂದಷ್ಟೇ ಅಂದರು. ಬೈದಿದ್ದರೆ ಮಾವ ಇನ್ನೂ ಒಂದಷ್ಟು ವರ್ಷ ತಲೆಯೆತ್ತಿ ನಡೆಯುತ್ತಿದ್ದರೋ ಏನೋ. ಆಮೇಲೆ ಅಂಗಡಿಯಲ್ಲಿ ಟ್ಯೂಬು ಮುಳುಗಿಸಿದಾಗಲೆಲ್ಲ, "ನೀನೇ ನೋಡಪ್ಪ" ಎಂದು ಗಿರಾಕಿಗೆ ಹೇಳಿ ಅವರು ರಸ್ತೆಯ ಕಡೆ ಮುಖ ತಿರುಗಿಸುತ್ತಿದ್ದರು.

ಪ್ರೀತಿಯಿರುವವರೆಲ್ಲರಿಗೂ ಕಾಯುವ ವಿದ್ಯೆ ಒಲಿದಿರುವುದಿಲ್ಲ. ನೆಟ್ಟ ಕಡ್ಡಿ ಬೇರು ಬಿಟ್ಟಿದೆಯೇ ಎಂದು ಕಿತ್ತು ನೋಡುವವರು, ಮಲಗಿದ ಮಗುವಿಗೆ ಉಸಿರಿದೆಯೇ ಎಂದು ಮೂಗಿಗೆ ಕೈಯಿಟ್ಟು ಎಬ್ಬಿಸುವವರು, ಎಲ್ಲರೂ ಮಾವನ ಕುಲದವರೇ. ಅವರನ್ನು ಕಲ್ಲೆದೆಯವರೆನ್ನಲು ನನಗೆ ನಾಲಗೆ ಏಳುವುದಿಲ್ಲ. ಕಲ್ಲೆದೆಯವರಾಗಿದ್ದರೆ ಕೋಳಿಗೆ ವಹಿಸಿ ಹಾಯಾಗಿ ಮಲಗುತ್ತಿದ್ದರು. ಅವರಿಗೆ ಬೇಕಾದದ್ದು ಒಂದೇ ಒಂದು ಖಾತ್ರಿ, ಒಳಗೆ ಜೀವವಿದೆಯೆಂಬ ಖಾತ್ರಿ. ಮಾವನಿಗೆ ಅದು ಸಿಕ್ಕಿತು, ಗುಳ್ಳೆಗಳು ನಿಂತ ಮೇಲೆ.