ನೀಲಿ ಇಲ್ಲದ ಕೈ

ಹನುಮಂತರಾಯ ಸತ್ತ ಅಣ್ಣನ ಬಲಗೈಯನ್ನು ಮಡಿಲಲ್ಲಿಟ್ಟುಕೊಂಡು ಉಗುರುಗಳನ್ನು ತಿಕ್ಕತೊಡಗಿದ. ಯಾರೋ ಮೇಲಿಂದ ನೀರು ಸುರಿಯುತ್ತಿದ್ದರು. ಬೆಳುಗುಪ್ಪದಿಂದ ಮೊದಲ ಬಸ್ಸಿಗೆ ರಾಯದುರ್ಗಕ್ಕೆ ಓಡಿಬಂದವನಿಗೆ ಇನ್ನೂ ಅಳು ಬಂದಿರಲಿಲ್ಲ.

ಅಣ್ಣ ಸುಂಕಪ್ಪ ಅರ್ಧ ಆಯುಷ್ಯ ಜೀನ್ಸ್ ಪ್ಯಾಂಟು ಹೊಲಿದವನು. ಹಬ್ಬಕ್ಕೆ ಊರಿಗೆ ಬಂದಾಗಲೂ ಉಗುರಿನ ಸಂದಿಯಲ್ಲಿ ಬಟ್ಟೆಯ ನೀಲಿ ಕೂತಿರುತ್ತಿತ್ತು. “ಕೃಷ್ಣಪರಮಾತ್ಮನ ಕೈ ಬಂತು ನೋಡ್ರಿ” ಎಂದು ಅವ್ವ ಮುದ್ದೆ ಬಡಿಸುತ್ತ ನಗುತ್ತಿದ್ದಳು. ಈಗ ತಿಕ್ಕುವುದಕ್ಕೆ ಏನೂ ಇರಲಿಲ್ಲ. ಉಗುರುಗಳು ಬೆಳ್ಳಗಿದ್ದವು.

“ಅತ್ತಿಗೀ, ನೀಲಿ ಎಲ್ಲಿ ಹೋತು?”

ಹೊಸ್ತಿಲ ಬಳಿ ಕೂತಿದ್ದ ಕೃಷ್ಣವೇಣಿ ತಲೆ ಎತ್ತಲಿಲ್ಲ. ಅಣ್ಣನ ಜೊತೆ ಜೀನ್ಸ್ ಹೊಲಿಯುವ ಶೆಡ್ಡಿನಲ್ಲಿ ಪ್ಯಾಂಟಿಗೆ ಗುಂಡಿ ಹಚ್ಚುತ್ತಿದ್ದ ನೆರೆಮನೆಯ ಉಜ್ಜಿನಮ್ಮನೇ ಹೇಳಿದಳು: “ಶೆಡ್ ಮುಚ್ಚಿ ಎರಡು ವರ್ಷ ಆತ್ರಿ. ನಿಮಗ ಗೊತ್ತಿಲ್ಲೇನ್ರಿ?”

“ಸುಳ್ಳು. ಹೋದ ವಾರ ಫೋನ್ನಾಗ ಮಿಶಿನ್ ಸದ್ದು ನಾನೇ ಕೇಳೀನಿ.”

“ಅದು ಮನಿ ಮಿಶಿನಪ್ಪ,” ಎಂದಳು ಕೃಷ್ಣವೇಣಿ. “ನಿನ್ನ ಜತಿ ಫೋನ್ನಾಗ ಮಾತಾಡಾಗ ಓಡಿ ಹೋಗಿ ಕುಂತು ತುಳೀತಿದ್ದ. ಬಟ್ಟಿ ಇಲ್ಲ, ದಾರ ಇಲ್ಲ. ತಮ್ಮಗ ಗೊತ್ತಾಗಬಾರ್ದು ಅಂತ ಹಬ್ಬಕ್ಕೂ ಊರಿಗೆ ಬರ್ಲಿಲ್ಲ. ಮುಂಜಾನೆ ಎದ್ದು ಸರ್ಕಲ್ನಾಗ ಕೂಲಿಯವ್ರ ಜತಿ ನಿಂದರ್ತಿದ್ದ. ಟೇಲರ್ ಕೈ ನೋಡಿ ಯಾರ್ ಕರೀತಾರ? ಕಲ್ಲು ಹೊರಾಕೂ ಬ್ಯಾಡಂದ್ರು. ನಿನ್ನೆ ಎದಿ ಹಿಡ್ಕಂಡು ಅಲ್ಲೇ ಒರಗಿದ.”

ಹನುಮಂತರಾಯ ಆ ಕೈಯನ್ನು ಮೆಲ್ಲಗೆ ಕೆಳಗಿಟ್ಟ.

*

ಹೋದ ವಾರ, ಯುಗಾದಿಯ ಮರುದಿನ, ಅಣ್ಣನ ಫೋನು ಬಂದಾಗ ಹನುಮಂತರಾಯ ಬೆಳುಗುಪ್ಪದ ಕಟ್ಟೆಯ ಮೇಲಿದ್ದ. ಶೇಂಗಾ ಕೀಳಲು ಯಂತ್ರ ಬಂದಿತ್ತು, ಕಳೆಗೆ ಔಷಧಿ ಬಂದಿತ್ತು, ಕೂಲಿಗೆ ಕರೆಯುವವರಿರಲಿಲ್ಲ. ಹೆಂಡತಿಯ ಕಾಯಿಲೆಯ ಖರ್ಚಿಗೆ ಕುರಿಗಳೆಲ್ಲ ಸಂತೆ ಸೇರಿದ್ದವು. ಹಳ್ಳಿಯಲ್ಲಿ ಒಂದು ಅನುಕೂಲವಿತ್ತು: ಕಟ್ಟೆಯ ಮೇಲೆ ಕೂತವನನ್ನು ಯಾರೂ ನಿರುದ್ಯೋಗಿ ಎನ್ನುವುದಿಲ್ಲ. ಕೂತಿದ್ದಾನೆ ಎನ್ನುತ್ತಾರೆ, ಅಷ್ಟೆ.

ಪೇಟೆಯಲ್ಲಿ ನನಗೂ ಏನಾದರೂ ಕೆಲಸ ಕೊಡಿಸಣ್ಣ ಎಂದು ಕೇಳಲು ಅವನು ಬಾಯಿ ತೆರೆಯುವಷ್ಟರಲ್ಲಿ ಸುಂಕಪ್ಪನೇ ನಗುತ್ತ ಕೇಳಿದ: “ಲೇ ಹನುಮ, ನಿನ್ನ ಕುರಿ ಕಾಯಾಕ ಆಳು ಬೇಕೇನಲೇ? ನಾನೇ ಬರ್ತೀನಿ.” ಹಿಂದೆ ಮಿಶಿನ್ ಟಕಟಕ ಓಡುತ್ತಿತ್ತು.

ಇಲ್ಲದ ಕುರಿಗಳ ಮಾತು ಎಲ್ಲಿಗೆ ಹೋಗಿ ಮುಟ್ಟುತ್ತದೋ ಎಂದು ಹನುಮಂತರಾಯನಿಗೆ ಅಂಜಿಕೆಯಾಯಿತು. ಅವನೂ ನಕ್ಕ. “ನಿನಗ್ಯಾಕಣ್ಣ ಆ ಗ್ರಹಚಾರ? ಪ್ಯಾಟ್ಯಾಗ ರಾಜನಂಗ ಅದೀ.”

ಮಿಶಿನ್ ನಿಂತಿತು.

“ಹೌದು ಬಿಡು,” ಎಂದ ಸುಂಕಪ್ಪ. ಸ್ವಲ್ಪ ಹೊತ್ತಿಗೆ ಅದು ಮತ್ತೆ ಓಡತೊಡಗಿತು.

*

ಹೆಣ ಎತ್ತುವಾಗ ತಮಟೆಯ ಸದ್ದಿನಡಿಯಲ್ಲಿ ಅದೇ ಟಕಟಕ ಕೇಳಿಸಿ ಹನುಮಂತರಾಯ ತಿರುಗಿ ನೋಡಿದ. ಮನೆಯೊಳಗೆ ಮಿಶಿನ್ ಮುಂದೆ ಯಾರೂ ಇರಲಿಲ್ಲ. ಕೃಷ್ಣವೇಣಿಯೂ ಅತ್ತಲೇ ನೋಡುತ್ತಿದ್ದಳು.

“ನಿನಗೂ ಕೇಳಿಸ್ತೇನು?” ಎಂದಳು. “ಈ ಮನ್ಯಾಗ ನಾನಿರಲಾರೆನಪ್ಪ. ಊರಿಗೆ ಬಂದುಬಿಡ್ತೀನಿ. ನಿನ್ನ ಕುರಿ ಕಾಯ್ಕೊಂಡು ಬಿದ್ದಿರ್ತೀನಿ.”

“ಕುರಿ ಇಲ್ಲ ಅತ್ತಿಗೀ. ಒಂದೂ ಇಲ್ಲ. ಅಣ್ಣಗೂ ನಾನು ಹೇಳಿರಲಿಲ್ಲ.”

ಕೃಷ್ಣವೇಣಿ ಅವನ ಮುಖವನ್ನೇ ದಿಟ್ಟಿಸಿದಳು. ಆಮೇಲೆ ಸೆರಗು ಬಾಯಿಗೆ ತುರುಕಿಕೊಂಡು ಕುಸಿದಳು. ಚಟ್ಟ ಮುಂದೆ ಸಾಗಿತು.

ಸ್ಮಶಾನದಲ್ಲಿ ಎಲ್ಲರೂ ಮೂರು ಹಿಡಿ ಮಣ್ಣು ಹಾಕಿ ಹಿಂದೆ ಸರಿದ ಮೇಲೆ ಹನುಮಂತರಾಯ ಗುಂಡಿ ತೋಡಿದವನ ಕೈಯಿಂದ ಸಲಿಕೆ ಕಿತ್ತುಕೊಂಡ.

“ಕೊಡ್ರಿ, ಅದು ನಮ್ಮ ಕೆಲಸ,” ಎಂದ ಗುಂಡಿ ತೋಡಿದವನು.

ಹನುಮಂತರಾಯ ಕೊಡಲಿಲ್ಲ. ಗುಂಡಿ ತುಂಬಿತು, ದಿಬ್ಬವೆದ್ದಿತು. ಹೆಂಟೆಗಳನ್ನು ಒಡೆದು ಪುಡಿ ಮಾಡಿದ, ಅಂಚು ತೀಡಿದ, ತೀಡಿದ್ದನ್ನು ಕೆಡವಿ ಮತ್ತೆ ತೀಡಿದ. ಜನ ಕಾಲು ತೊಳೆದುಕೊಂಡು ಒಬ್ಬೊಬ್ಬರಾಗಿ ಹೊರಟುಹೋದರು. ಗುಂಡಿ ತೋಡಿದವನು ಮಾತ್ರ ಕಲ್ಲಿನ ಮೇಲೆ ಕುಕ್ಕರಗಾಲಲ್ಲಿ ಕೂತು, ಖಾಲಿ ಕೈಗಳನ್ನು ಮೊಣಕಾಲ ಮೇಲೆ ಇಳಿಬಿಟ್ಟು, ತನ್ನ ಸಲಿಕೆಯನ್ನೇ ನೋಡುತ್ತಿದ್ದ.